ಅಪ್ಪನ ಭಾನುವಾರದ ದೋಸೆ ನಿಲ್ಲಿಸಬೇಕಾ?

ಓದುಗರ ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 69 ವರ್ಷ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಒಂಬತ್ತು ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆಯನ್ನು ಬೆಳಿಗ್ಗೆ ಆರಕ್ಕೊಂದು, ರಾತ್ರಿ ಊಟಕ್ಕೆ ಮುಂಚೆ ಒಂದು ತಗೋತಾರೆ. ಬಿಪಿ ಮಾತ್ರೆಯ ಜೊತೆ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ನೀರಿನ ಮಾತ್ರೆಯೂ ಇದೆ. ಕಳೆದ ತಿಂಗಳು, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7.4 ಇತ್ತು. ಮೂವತ್ತು ವರ್ಷದಿಂದ ಅವರದೊಂದು ರೂಢಿ. ಭಾನುವಾರ ಬೆಳಿಗ್ಗೆ ಮೂವರು ಗೆಳೆಯರ ಜೊತೆ ಲಾಲ್‌ಬಾಗ್‌ನಲ್ಲಿ ವಾಕಿಂಗ್, ಆಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ, ಕಾಫಿ. ಎರಡು ತಿಂಗಳ ಹಿಂದೆ ಒಂಬತ್ತು ಗಂಟೆ ಹೊತ್ತಿಗೆ ಹೋಟೆಲಿನ ಮುಂದೆ ಸರದಿಗೆ ಕಾಯುತ್ತಾ ನಿಂತಿದ್ದಾಗ ಮೈಯೆಲ್ಲಾ ಬೆವೆತು, ಕೈ ನಡುಗಿ, ಕಣ್ಣು ಮಂಜಾಯಿತಂತೆ. ಗೆಳೆಯರು ಕೂರಿಸಿ ಕಾಫಿ ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಸರಿಹೋದರು. ಅವತ್ತಿನಿಂದ ನಾನು, ಅಣ್ಣ ಸೇರಿ ಹೊರಗಿನ ತಿಂಡಿ ಪೂರ್ತಿ ನಿಲ್ಲಿಸಿದ್ದೇವೆ. ಹೋಟೆಲಿನವರು ಸೋಡಾ ಹಾಕ್ತಾರೆ, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಬಳಸ್ತಾರೆ, ದೋಸೆ ಅಂದರೆ ಶುಗರ್‌ನವರಿಗೆ ವಿಷ ಅಂತ ಎಲ್ಲರೂ ಹೇಳ್ತಾರೆ. ಆದರೆ ಅಪ್ಪ ಈಗ ವಾಕಿಂಗ್ ಕೂಡ ಬಿಟ್ಟಿದ್ದಾರೆ. ಭಾನುವಾರ ಪೇಪರ್ ಹಿಡಿದು ಕೂತರೆ ಮಧ್ಯಾಹ್ನದವರೆಗೆ ಮಾತೇ ಇಲ್ಲ. ನಾವು ಮಾಡಿದ್ದು ಸರೀನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಮುಖ್ಯವಾದ ವಿಷಯವನ್ನು ನೀವೇ ಬರೆದಿದ್ದೀರಿ, ಆದರೆ ಗಾಬರಿಯಲ್ಲಿ ಅದು ನಿಮ್ಮ ಗಮನಕ್ಕೆ ಬಂದಿಲ್ಲ. ಅವತ್ತು ಬೆವೆತು ನಡುಗಿದಾಗ ನಿಮ್ಮ ತಂದೆ ಇನ್ನೂ ದೋಸೆ ತಿಂದೇ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿದ್ದಾರೆ. ಆಮೇಲೆ ಲಾಲ್‌ಬಾಗ್‌ನಲ್ಲಿ ನಡೆದಿದ್ದಾರೆ. ಆಮೇಲೆ ಸರದಿಯಲ್ಲಿ ನಿಂತಿದ್ದಾರೆ. ಒಂಬತ್ತಾದರೂ ಹೊಟ್ಟೆಗೆ ಏನೂ ಬಿದ್ದಿಲ್ಲ. ಅಂದರೆ ಮಾತ್ರೆಗೂ ತಿಂಡಿಗೂ ನಡುವೆ ಮೂರು ಗಂಟೆ. ಬೆವರು, ನಡುಕ, ಕಣ್ಣು ಮಂಜು, ಸಕ್ಕರೆ ಹಾಕಿದ ಕಾಫಿ ಕುಡಿದ ಕಾಲು ಗಂಟೆಯಲ್ಲಿ ಗುಣ. ಇದು ಶುಗರ್ ಜಾಸ್ತಿಯಾದ ಲಕ್ಷಣವಲ್ಲ, ಕಡಿಮೆಯಾದ ಲಕ್ಷಣ. ನಾವು ಲೋ ಶುಗರ್ ಅನ್ನುವುದು ಇದಕ್ಕೇ. ಹೋಟೆಲಿನ ತಿಂಡಿಯಿಂದ ಆದದ್ದಲ್ಲ. ತಿಂಡಿ ಬರುವುದು ತಡವಾದದ್ದರಿಂದ ಆದದ್ದು.

ಅವರ ಮಾತ್ರೆಯಲ್ಲಿರುವ ಎರಡು ಔಷಧಗಳ ಸ್ವಭಾವ ಬೇರೆ ಬೇರೆ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಊಟ ಮಾಡಿದ್ದೀರಾ, ಇಲ್ಲವಾ ಅಂತ ಅದು ಕಾಯುವುದಿಲ್ಲ. ಅದಕ್ಕೇ ಅದನ್ನು ದಿನದ ಮೊದಲ ಊಟ ತಿಂಡಿಯ ಜೊತೆಗೆ, ಇಲ್ಲವೇ ಸ್ವಲ್ಪವೇ ಮೊದಲು ತಗೊಳ್ಳಿ ಅಂತ ಹೇಳುವುದು. ಇದರ ಮೇಲೆ ಒಂದು ಗಂಟೆ ನಡಿಗೆ ಬಿತ್ತು ಅಂದರೆ ಕಾಲಿನ ಸ್ನಾಯುಗಳೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಬೇರೆ ದಿನ ಮನೆಯಲ್ಲಿ ಏಳೂವರೆ, ಎಂಟಕ್ಕೆ ತಿಂಡಿ ಆಗಿಬಿಡುತ್ತದೆ, ಅಷ್ಟು ದೂರದ ನಡಿಗೆಯೂ ಇರುವುದಿಲ್ಲ. ಹಾಗಾಗಿ ಭಾನುವಾರವೇ ಕಾಣಿಸಿಕೊಂಡಿದೆ.

ನೀರಿನ ಮಾತ್ರೆಯ ಪಾಲೂ ಇರಬಹುದು. ವಯಸ್ಸಾದವರು ವಾಕಿಂಗ್‌ಗೆ ಹೊರಟರೆ ನೀರು ಕುಡಿಯುವುದೇ ಇಲ್ಲ. ಕೇಳಿದರೆ, "ಅಲ್ಲಿ ಟಾಯ್ಲೆಟ್‌ಗೆ ಎಲ್ಲಿ ಹೋಗೋದು ಡಾಕ್ಟ್ರೇ" ಅನ್ನುತ್ತಾರೆ. ನಿಜವಾದ ಕಷ್ಟವೇ. ಆದರೆ ನೀರಿನ ಮಾತ್ರೆ ನುಂಗಿ, ನೀರು ಕುಡಿಯದೆ, ಬಿಸಿಲಲ್ಲಿ ಅರ್ಧ ಗಂಟೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ.

ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ಶುಗರ್ ಇರುವವರಿಗೆ ಹೃದಯದ ತೊಂದರೆ ಬಂದಾಗ ಎದೆನೋವು ಇಲ್ಲದೆಯೂ ಇರಬಹುದು. ಬರೀ ಬೆವರು, ಸುಸ್ತು, ಉಸಿರು ಕಟ್ಟಿದ ಹಾಗೆ ಆಗಬಹುದು. ಕಾಫಿ ಕುಡಿದು ಸರಿಹೋದರು ಅನ್ನುವುದು ಲೋ ಶುಗರ್ ಕಡೆಗೇ ಬೆರಳು ತೋರಿಸುತ್ತದೆ, ಆದರೂ ಒಂದು ಸಲ ಇಸಿಜಿ ಮಾಡಿಸಿ, ಅವರ ಡಾಕ್ಟರಿಗೆ ಅವತ್ತು ನಡೆದದ್ದನ್ನು ಗಂಟೆ ಸಮೇತ ಹೇಳಿ. ಜೊತೆಗೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯೂ ಆಗಲಿ. ಕಿಡ್ನಿ ನಿಧಾನವಾದರೆ ಅವರ ಶುಗರ್ ಮಾತ್ರೆಯಿಂದ ಶುಗರ್ ಇಳಿಯುವ ಅಪಾಯ ಹೆಚ್ಚು. ಇದನ್ನು ಮಾಡಿಸಿದ ಮೇಲೆ ಲಾಲ್‌ಬಾಗ್‌ಗೆ ಕಳಿಸಿ.

ಈಗ ದೋಸೆಗೆ ಬರೋಣ.

ದೋಸೆ ವಿಷ ಅಲ್ಲ. ಆದರೆ ಶುಗರ್ ಏರಿಸುವುದೇ ಇಲ್ಲ ಅನ್ನುವುದೂ ಸುಳ್ಳು. ಅದರಲ್ಲಿ ಹೆಚ್ಚಿರುವುದು ಅಕ್ಕಿ, ಜೊತೆಗೆ ಒಂದು ಪಾಲು ಉದ್ದು. ಒಳಗೆ ಆಲೂಗಡ್ಡೆ ಪಲ್ಯ. ಅಂದರೆ ಪಿಷ್ಟದ ಮೇಲೆ ಪಿಷ್ಟ. ಇಡ್ಲಿಯೂ ಅದೇ ಅಕ್ಕಿ, ಅದೇ ಉದ್ದು. ಎಣ್ಣೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಾಲ್ಕು ಇಡ್ಲಿ ತಿಂದು ನೆಮ್ಮದಿಯಾಗಿರುವವರನ್ನು ವಾರವಿಡೀ ನೋಡುತ್ತೇನೆ. ನಾಲ್ಕು ಇಡ್ಲಿ ಶುಗರನ್ನು ಒಂದು ದೋಸೆಗಿಂತ ಮೇಲಕ್ಕೇ ಒಯ್ಯಬಹುದು. ರವೆ ಇಡ್ಲಿ ಒಳ್ಳೆಯದು ಅನ್ನುವವರೂ ಇದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಎಂ.ಟಿ.ಆರ್‌ನವರು ಹೇಳುತ್ತಾರೆ. ಅಂದರೆ ಅದು ಹುಟ್ಟಿದ್ದು ಅಕ್ಕಿಯ ಕೊರತೆಗೆ, ಶುಗರ್‌ಗಲ್ಲ. ರವೆಯೂ ಹೊಟ್ಟೆಗೆ ಹೋದರೆ ಸಕ್ಕರೆಯೇ.

ಬೆಣ್ಣೆ ಹಾಕಿದ ದೋಸೆಯಲ್ಲಿ ಒಂದು ವಿಶೇಷ ಇದೆ. ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಶುಗರ್ ಎರಡು ಗಂಟೆಗೆ ಚೆನ್ನಾಗಿಯೇ ಕಾಣಿಸಿ, ಮೂರನೇ ಗಂಟೆಗೆ ಏರಬಹುದು. "ಎರಡು ಗಂಟೆಗೆ ನೋಡಿದೆ, 150 ಇತ್ತು, ಬೆಣ್ಣೆ ದೋಸೆ ನಂಗೆ ಒಗ್ಗುತ್ತೆ" ಅಂತ ಸಂತೋಷಪಟ್ಟವರೊಬ್ಬರಿಗೆ ಮೂರು ಗಂಟೆಗೂ ನೋಡಲು ಹೇಳಿದೆ. 210 ಬಂತು. ಅವರು ದೋಸೆ ಬಿಡಲಿಲ್ಲ. ಬೆಣ್ಣೆ ಬಿಟ್ಟರು, ಅರ್ಧ ಪಲ್ಯ ಬಿಟ್ಟರು. ಮುಂದಿನ ಸಲ 170ಕ್ಕೆ ನಿಂತಿತು. ಇಂಥ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ, ಆದ್ದರಿಂದ ನಿಮ್ಮ ತಂದೆಯದನ್ನು ಅವರ ಮೀಟರೇ ಹೇಳಬೇಕು. ಮೊದಲ ತುತ್ತಿನಿಂದ ಎರಡು ಗಂಟೆಗೆ ಒಂದು, ಮೂರು ಗಂಟೆಗೆ ಒಂದು. ನೋಡುವ ಮೊದಲು ಕೈ ತೊಳೆದು ಒರೆಸಿಕೊಳ್ಳಲಿ. ಬೆರಳಲ್ಲಿ ಸಿಹಿಯೋ ಚಟ್ನಿಯೋ ಅಂಟಿದ್ದರೆ ಮೀಟರ್ ಸುಮ್ನೆ ಜಾಸ್ತಿ ತೋರಿಸುತ್ತದೆ. 180ರ ಒಳಗಿದ್ದರೆ ಒಳ್ಳೆಯದು. ಒಂದು ಭಾನುವಾರ 200 ದಾಟಿತು ಅಂತ ಮನೆಯಲ್ಲಿ ಗಲಾಟೆ ಬೇಡ. ಅವರ ವಯಸ್ಸಿಗೆ ಎಚ್‌ಬಿಎ1ಸಿ 7.4 ಚೆನ್ನಾಗಿಯೇ ಇದೆ. ವಾರಕ್ಕೊಂದು ದೋಸೆ ಅದನ್ನು ಕೆಡಿಸುವುದಿಲ್ಲ. ದಿನಾ ಸಂಜೆ ಟೀ ಜೊತೆ ಸಾಗುವ ಬಿಸ್ಕೆಟ್ಟು, ಖಾರ, ರಾತ್ರಿ ಎರಡನೇ ಸಲ ಹಾಕಿಸಿಕೊಳ್ಳುವ ಅನ್ನ, ಇವು ಕೆಡಿಸುತ್ತವೆ.

ಕರಿದ ಎಣ್ಣೆಯ ವಿಷಯದಲ್ಲಿ ನಿಮ್ಮ ಭಯ ತಪ್ಪಲ್ಲ, ಆದರೆ ತಪ್ಪು ತಿಂಡಿಯ ಮೇಲಿದೆ. ದೋಸೆ ಹುಯ್ಯುವುದನ್ನು ಒಂದು ಸಲ ಪಕ್ಕ ನಿಂತು ನೋಡಿ. ಭಟ್ಟರು ಕಾದ ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ. ಚೊಂಯ್ ಅಂತ ಹಬೆ ಎದ್ದಾಗ ತೆಂಗಿನ ಕಡ್ಡಿ ಪೊರಕೆಯಿಂದ ಗುಡಿಸಿ ಹಳೆಯ ಜಿಡ್ಡು, ಸೀದ ಚೂರು ಎಲ್ಲ ಬದಿಗೆ ತಳ್ಳುತ್ತಾರೆ. ಹಿಟ್ಟು ಹುಯ್ದು ಸುತ್ತಿದ ಮೇಲೆ ಎಣ್ಣೆಯನ್ನೋ ತುಪ್ಪವನ್ನೋ ಮೇಲಿಂದ ಬಿಡುತ್ತಾರೆ. ಅದು ಆ ದೋಸೆಯ ಜೊತೆಗೇ ಮುಗಿಯಿತು. ಮತ್ತೆ ಮತ್ತೆ ಕಾಯುವ ಎಣ್ಣೆ ಇರುವುದು ಬಾಣಲೆಯಲ್ಲಿ. ವಡೆ, ಪೂರಿ, ಬೋಂಡ, ಸಂಜೆ ಗಾಡಿಯ ಗೋಬಿ, ಕಬಾಬು. ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ಕೆಡುತ್ತದೆ. ಹಾಗೆ ಕೆಟ್ಟ ಅಂಶ 25 ಶೇಕಡಾ ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಅನ್ನುವ ನಿಯಮ ದೇಶದಲ್ಲಿ 2018ರ ಜುಲೈನಿಂದ ಇದೆ. ನೀವು ಎಣ್ಣೆ ಅಳೆಯುವ ಮೀಟರ್ ಹಿಡಿದು ಹೋಗಲಾಗದು ನಿಜ. ಎಣ್ಣೆ ಕಪ್ಪಗಿದ್ದು, ನೊರೆ ನಿಂತು, ಹೊಗೆ ಗಂಟಲಿಗೆ ಕಟುವಾಗಿ ಹತ್ತಿದರೆ ಅವತ್ತು ಕರಿದದ್ದು ಬೇಡ ಅನ್ನಿ. ಅಷ್ಟು ಸಾಕು.

ಗೋಬಿಯ ಮಾತು ಬಂತಲ್ಲ, ಅದಕ್ಕೊಂದು ಸೇರಿಸುತ್ತೇನೆ. ಆ ಕೆಂಪಿಗೆ ಹಾಕುತ್ತಿದ್ದ ಕೃತಕ ಬಣ್ಣವನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಎದ್ದು ಕಾಣುವ ಕೆಂಪು ಈಗಲೂ ಕಂಡರೆ ಆ ಗಾಡಿ ಬಿಟ್ಟು ಮುಂದೆ ಹೋಗಿ. ದೋಸೆಯ ಕೆಂಪು ಬೇರೆ. ಹಿಟ್ಟಿಗೆ ಸೇರಿಸುವ ಮೆಂತ್ಯ, ಕಡಲೆಬೇಳೆ, ಅವಲಕ್ಕಿ, ಚೂರು ಸಕ್ಕರೆಯಿಂದ ದಪ್ಪ ಕಬ್ಬಿಣದ ಕಾವಲಿಯ ಕಾವಿಗೆ ಹೊಂಬಣ್ಣ ಬರುತ್ತದೆ.

ಸೋಡಾ ಹಾಕುವ ಹೋಟೆಲುಗಳು ಇವೆ. ಹಿಟ್ಟು ಸರಿಯಾಗಿ ಹುಳಿ ಬಂದಿಲ್ಲದಿದ್ದರೆ ಹಾಕುತ್ತಾರೆ. ಒಂದು ದೋಸೆಯ ಪಾಲಿಗೆ ಬರುವುದು ಚಿಟಿಕೆಗಿಂತ ಕಡಿಮೆ. ಅದರಿಂದ ಶುಗರ್ ಏರುವುದಿಲ್ಲ. ಬಿಪಿ ಇರುವವರಿಗೆ ಸೋಡಾಕ್ಕಿಂತ ಉಪ್ಪಿನ ಲೆಕ್ಕ ಮುಖ್ಯ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಉಪ್ಪಿನೊಳಗೆ ಇರಬೇಕು. ಆ ಉಪ್ಪು ಸಾಂಬಾರಿನಲ್ಲಿ, ಚಟ್ನಿಯಲ್ಲಿ, ಪಲ್ಯದಲ್ಲಿ ಕೂತಿರುತ್ತದೆ. ಸಾಂಬಾರನ್ನು ಬಟ್ಟಲೆತ್ತಿ ಕುಡಿಯುವ ಅಭ್ಯಾಸ ನಮ್ಮವರಿಗೆ ತುಂಬ. ನಮ್ಮ ಕಡೆ ಹೋಟೆಲ್ ಸಾಂಬಾರಿಗೆ ಬೆಲ್ಲವೂ ಬೀಳುತ್ತದೆ. ಅದ್ದಿಕೊಂಡು ತಿನ್ನಲಿ, ಎರಡನೇ ಬಟ್ಟಲು ಬೇಡ.

ಹಾಗಾದರೆ ಭಾನುವಾರ ಹೇಗೆ ನಡೆಯಬೇಕು? ಎರಡು ಮೂರು ದಾರಿ ಇವೆ. ಯಾವುದಕ್ಕೂ ಮೊದಲು ಅವರ ಡಾಕ್ಟರ ಒಪ್ಪಿಗೆ ತಗೊಳ್ಳಿ, ಮಾತ್ರೆಯ ಸಮಯವನ್ನು ನೀವಾಗಿಯೇ ಬದಲಿಸಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ರಮವನ್ನೇ ತಿರುಗಿಸುವುದು. ಮೊದಲು ತಿಂಡಿ, ಆಮೇಲೆ ಲಾಲ್‌ಬಾಗ್. ಬಸವನಗುಡಿ, ಮಾವಳ್ಳಿ, ಜಯನಗರದ ಸುಮಾರು ಹೋಟೆಲುಗಳು ಬೆಳಿಗ್ಗೆ ಆರೂವರೆ, ಏಳಕ್ಕೆಲ್ಲಾ ಬಾಗಿಲು ತೆರೆದಿರುತ್ತವೆ. ಆ ಹೊತ್ತಿಗೆ ಸರದಿ ಇರುವುದಿಲ್ಲ. ಚಟ್ನಿ ಆಗಷ್ಟೇ ರುಬ್ಬಿದ್ದು, ಬಾಣಲೆಯ ಎಣ್ಣೆಯೂ ಇನ್ನೂ ಹೆಚ್ಚು ಕಾದಿರುವುದಿಲ್ಲ. ಎಲೆ ಮುಂದೆ ಬಂದಾಗ ಮಾತ್ರೆ, ತಿಂಡಿ, ಕಾಫಿ, ಗೆಳೆಯರ ಹತ್ತು ಮಾತು, ಆಮೇಲೆ ನಿಧಾನವಾಗಿ ಗಾಜಿನ ಮನೆಯ ಕಡೆಗೆ. ತಿಂದ ಮೇಲೆ ನಡೆದರೆ ಶುಗರ್ ಏರುವುದನ್ನು ಕಾಲುಗಳೇ ತಡೆಯುತ್ತವೆ. ಹತ್ತು ಹದಿನೈದು ನಿಮಿಷದ ನಡಿಗೆಗೂ ಮೀಟರಿನಲ್ಲಿ ವ್ಯತ್ಯಾಸ ಕಾಣುತ್ತದೆ. ಇದರಲ್ಲಿರುವ ಅಪಾಯ ಒಂದೇ. ಹೊಟ್ಟೆ ತುಂಬಿದಾಗ ಜೋರು ನಡಿಗೆ, ಬಂಡೆ ಹತ್ತುವುದು ಬೇಡ. ಹೃದಯದ ತೊಂದರೆ ಇದ್ದವರಿಗೆ ಊಟದ ಮೇಲಿನ ಶ್ರಮದಿಂದ ಎದೆ ಹಿಡಿದ ಹಾಗಾಗಬಹುದು. ಇಸಿಜಿ ಮೊದಲು ಅಂದದ್ದು ಅದಕ್ಕೇ.

ಗೆಳೆಯರು ಒಪ್ಪದಿದ್ದರೆ? ಮೂವತ್ತು ವರ್ಷದ ರೂಢಿ ಅಂದ ಮೇಲೆ ಒಪ್ಪದಿರುವುದೂ ಸಹಜ. ಹಾಗಿದ್ದರೆ ಭಾನುವಾರದ ಮಾತ್ರೆ ಜೇಬಿನಲ್ಲಿ ಹೋಗಲಿ, ತಿಂಡಿ ಮುಂದೆ ಬಂದಾಗ ತಗೊಳ್ಳಲಿ. ಹೊರಡುವ ಮೊದಲು ಎರಡು ಏಲಕ್ಕಿ ಬಾಳೆಹಣ್ಣೋ, ಒಂದು ಹಿಡಿ ಹುರಿಗಡಲೆ ಮತ್ತು ಅರ್ಧ ಲೋಟ ಹಾಲೋ ಆಗಲಿ. ಇಲ್ಲಿ ಮಾತ್ರೆ ಮರೆಯುವ ಸಾಧ್ಯತೆ ಇದೆ. ಮರೆತು ಮಧ್ಯಾಹ್ನ ನೆನಪಾದರೆ ಎರಡು ಸೇರಿಸಿ ನುಂಗುವುದು ಬೇಡವೇ ಬೇಡ. ಆಗ ಏನು ಮಾಡಬೇಕು ಅನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮತ್ತೊಂದು ದಾರಿ, ಗ್ಲಿಮೆಪಿರೈಡ್ ಕಡಿಮೆ ಮಾಡಿ, ಲೋ ಶುಗರ್ ತರುವುದು ಅಪರೂಪವಾದ ಬೇರೆ ಗುಂಪಿನ ಮಾತ್ರೆ ಕೊಡುವುದು. ಗ್ಲಿಪ್ಟಿನ್ ಗುಂಪಿನವು ಈಗ ಮೊದಲಿನಷ್ಟು ದುಬಾರಿಯಲ್ಲ. ಆದರೆ ಅವುಗಳ ಶಕ್ತಿ ಸೌಮ್ಯ, ಕೆಲವರಿಗೆ ಸಾಲುವುದಿಲ್ಲ. ಒಂದು ಸಲ ಶುಗರ್ ಹೀಗೆ ಇಳಿದ 69 ವರ್ಷದವರು ನನ್ನ ಮುಂದೆ ಕೂತಿದ್ದರೆ ಈ ಮಾತನ್ನು ನಾನೇ ಎತ್ತುತ್ತಿದ್ದೆ. ನೀವೂ ಎತ್ತಿ, ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ತಟ್ಟೆಯ ವಿಷಯಕ್ಕೆ ನಮ್ಮ ಊರಿನಲ್ಲೇ ಒಳ್ಳೆಯ ಔಷಧ ಇದೆ: ಬೈ ಟು. ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಬೆಂಗಳೂರಿನಲ್ಲಿ ಯಾರಿಗೂ ಸಂಕೋಚದ ವಿಷಯವಲ್ಲ. ದೋಸೆಯನ್ನೂ ಹಾಗೇ ಮಾಡಬಹುದು. ಇಬ್ಬರ ನಡುವೆ ಒಂದು ಮಸಾಲೆ, ಒಂದು ಇಡ್ಲಿ ವಡೆ. ವಡೆ ಕರಿದದ್ದು ನಿಜ, ಆದರೆ ಅದು ಉದ್ದು. ಅರ್ಧ ವಡೆ ತಟ್ಟೆಯಲ್ಲಿದ್ದರೆ ಪ್ರೋಟೀನ್ ಸಿಗುತ್ತದೆ, ಹೊಟ್ಟೆಯೂ ತುಂಬಿದ ಹಾಗಿರುತ್ತದೆ. ಕೇಸರಿಬಾತ್ ಆಸೆಯಾದ ದಿನ ನಾಲ್ವರೂ ಒಂದು ತಟ್ಟೆಗೆ ನಾಲ್ಕು ಚಮಚ ಇಡಲಿ. ನಿಂತು ತಿನ್ನುವ ದರ್ಶಿನಿ ಹೋಟೆಲುಗಳಲ್ಲಿ ಕಾಫಿಗೆ ಸಕ್ಕರೆ ಮೊದಲೇ ಬಿದ್ದಿರುತ್ತದೆ, ಟೋಕನ್ ಕೊಡುವಾಗಲೇ ಸಕ್ಕರೆ ಬೇಡ ಅಂತ ಹೇಳಬೇಕು. ಬೆಲ್ಲದ ಕಾಫಿ ಪರವಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಶುಗರ್‌ಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಕೂರುವ ಹೋಟೆಲನ್ನೇ ಆರಿಸಿಕೊಳ್ಳಲಿ ಅನ್ನುವುದು ನನ್ನ ಆಸೆ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಪದ್ಧತಿ ಕಡಿಮೆ ದುಡ್ಡಿಗೆ ಬಿಸಿ, ಶುಚಿ ತಿಂಡಿ ಕೊಟ್ಟಿತು, ಅದರ ಮೇಲೆ ನನಗೆ ಗೌರವ ಇದೆ. ಆದರೆ ಅಲ್ಲಿ ನಿಂತು ತಿನ್ನಬೇಕು, ಐದು ನಿಮಿಷಕ್ಕೆ ಮುಗಿಸಬೇಕು. ಒಂದು ಗಂಟೆ ನಡೆದು ಬಂದ 69ರ ಮೊಣಕಾಲಿಗೆ ಅದು ಕಷ್ಟ. ಬೇಗ ಬೇಗ ತಿಂದರೆ ಎಷ್ಟು ತಿಂದೆ ಅನ್ನುವುದೂ ತಿಳಿಯುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಂಥ ಕಡೆ, 1943ರಿಂದ ಇರುವ ಜಾಗ, ಬೆಂಚಿನ ಮೇಲೆ ಎದುರು ಬದುರು ಕೂತು ಮಾತಾಡುತ್ತಾ ತಿನ್ನುವುದೇ ಬೇರೆ. ಭಾನುವಾರ ಅಲ್ಲಿ ಕಾಯುವುದಂತೂ ಇದ್ದೇ ಇದೆ, ಹಾಗಾಗಿ ಅಂಥ ಕಡೆ ವಾರದ ನಡುವೆ ಹೋಗಲಿ. ಶುಕ್ರವಾರ ಮಾತ್ರ ರಜೆ. ರಿಟೈರ್ ಆದವರಿಗೆ ಮಂಗಳವಾರವೂ ಭಾನುವಾರವೇ ಅಲ್ವಾ?

ಜೇಬಿನಲ್ಲಿ ಯಾವಾಗಲೂ ಮೂರು ಟೀ ಚಮಚ ಸಕ್ಕರೆಯ ಪೊಟ್ಟಣ ಇರಲಿ. ಬೆವರು, ನಡುಕ ಶುರುವಾದ ಕೂಡಲೇ ಕೂತು, ಅದನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಚಾಕಲೇಟು, ಬಿಸ್ಕೆಟ್ಟು ಬೇಡ, ಅವುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಹದಿನೈದು ನಿಮಿಷಕ್ಕೆ ಮೀಟರ್ ನೋಡಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಂದು ಸಲ. ಸರಿಹೋದ ಮೇಲೆ ತಿಂಡಿ ತಿನ್ನಲೇಬೇಕು, ಯಾಕೆಂದರೆ ಈ ಮಾತ್ರೆಯ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಈ ಮಾತನ್ನು ಆ ಮೂವರು ಗೆಳೆಯರಿಗೂ ಹೇಳಿ. ಅವತ್ತು ಕಾಫಿ ಕುಡಿಸಿ ಉಳಿಸಿದವರು ಅವರೇ. ಬಿಪಿಗೆ ಬೀಟಾ ಬ್ಲಾಕರ್ ಅನ್ನುವ, ಎದೆಬಡಿತ ನಿಧಾನ ಮಾಡುವ ಮಾತ್ರೆ ಇದ್ದರೆ ನಡುಕ, ಎದೆಬಡಿತ ಗೊತ್ತಾಗದೆ ಬರೀ ಬೆವರು ಕಾಣಬಹುದು, ಅದನ್ನೂ ತಿಳಿಸಿ.

ಮತ್ತೆ, ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದರೆ ಶುಗರ್ ಇಳಿಯುತ್ತದೆ ಅಂತ ಪಾರ್ಕಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂಬತ್ತು ವರ್ಷದ ಶುಗರ್‌ನಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ದೊಡ್ಡದಾಗುತ್ತದೆ. ಶೂ, ಕಾಲುಚೀಲ ಹಾಕಿಯೇ ನಡೆಯಲಿ, ಮನೆಗೆ ಬಂದು ಪಾದ ನೋಡಿಕೊಳ್ಳಲಿ.

ನೀವು ಮಾಡಿದ್ದು ಸರೀನಾ ಅಂತ ಕೇಳಿದ್ದೀರಿ. ಗಾಬರಿಯಲ್ಲಿ, ಪ್ರೀತಿಯಿಂದ ಮಾಡಿದ್ದೀರಿ, ಅದಕ್ಕೆ ನಿಮ್ಮನ್ನು ತಪ್ಪು ಅನ್ನಲಾರೆ. ಆದರೆ ದೋಸೆಯ ಜೊತೆಗೆ ವಾರದ ದೊಡ್ಡ ನಡಿಗೆ ಹೋಯಿತು, ಮೂವರು ಗೆಳೆಯರು ಹೋದರು, ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಡುವ ಕಾರಣವೇ ಹೋಯಿತು. ಮನೆಯಲ್ಲಿ ಪಹರೆ ಶುರುವಾದ ಮೇಲೆ ಕದ್ದು ತಿನ್ನಲು ಕಲಿತವರನ್ನು ನಾನು ಬಹಳ ಜನ ನೋಡಿದ್ದೇನೆ. ಕದ್ದು ತಿಂದವರು ಮೀಟರ್ ನೋಡುವುದಿಲ್ಲ, ತಲೆ ಸುತ್ತಿದರೂ ಹೇಳುವುದಿಲ್ಲ. ನಿಮ್ಮ ತಂದೆ ಇನ್ನೂ ಅಲ್ಲಿಗೆ ಹೋಗಿಲ್ಲ, ಮಾತು ಬಿಟ್ಟು ಕೂತಿದ್ದಾರೆ ಅಷ್ಟೇ. ಇಸಿಜಿ, ಕ್ರಿಯಾಟಿನಿನ್ ಆದ ಮೇಲೆ, "ಅಪ್ಪಾ, ಅವತ್ತು ಆದದ್ದು ದೋಸೆಯಿಂದ ಅಲ್ವಂತೆ" ಅಂತ ನೀವೇ ಹೇಳಿ. ಮೊದಲ ಭಾನುವಾರ ಅಣ್ಣನೋ ನೀವೋ ಜೊತೆಗೆ ಹೋಗಿ, ಪಕ್ಕದ ಟೇಬಲಿನಲ್ಲಿ ಕೂರಿ. ಗೆಳೆಯರ ಬೆಂಚು ಅವರಿಗೇ ಇರಲಿ. ಮೂರು ಭಾನುವಾರದ ಮೀಟರ್ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಡಾಕ್ಟರಿಗೆ ತೋರಿಸಿ.